ಕೇಳದೆ ಕಡಿತವಾಗುವ 436 ರೂಪಾಯಿ

ವಿಮಾನದ ಟಿಕೆಟ್ ಕಾಯ್ದಿರಿಸುವಾಗ ವಿಮೆ ಬೇಡವೆನ್ನುವ ಪ್ರಯಾಣಿಕ ‘ನಾನು ಅಸುರಕ್ಷಿತವಾಗಿಯೇ ಇರುತ್ತೇನೆ’ ಎಂಬರ್ಥದ ಸಾಲನ್ನು ಒತ್ತಿಯೇ ಮುಂದೆ ಹೋಗಬೇಕಾದಂತೆ ಪುಟವನ್ನು ರೂಪಿಸುವುದು ಈಗ ನಿಷಿದ್ಧ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳ, ಅಂದರೆ ಗ್ರಾಹಕರ ದಾರಿ ತಪ್ಪಿಸುವ ವಿನ್ಯಾಸ ತಂತ್ರಗಳ, ಪಟ್ಟಿಯಿದೆ, ವಿಮಾನ ಟಿಕೆಟ್ಟಿನ ಈ ಉದಾಹರಣೆಯೂ ಅಲ್ಲಿಯದೇ. ಗ್ರಾಹಕ ಕೇಳದಿದ್ದರೂ ಬಿಲ್ಲಿಗೆ ವಿಮೆ ಸೇರಿಸುವುದು, ಚಂದಾದಾರರಾಗುವುದನ್ನು ಸುಲಭವಾಗಿಸಿ ಬಿಡುವುದನ್ನು ಕಷ್ಟವಾಗಿಸುವುದು ಕೂಡ ಆ ಪಟ್ಟಿಯಲ್ಲಿವೆ.

ಈ ಮಾರ್ಗಸೂಚಿಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಕಂಪನಿಗಳಿಗೆ ಹಿಡಿದ ಅಳತೆಗೋಲನ್ನು ಸರ್ಕಾರದ ಯೋಜನೆಗಳಿಗೂ ಹಿಡಿಯಬೇಕು ಎಂಬುದು ನನ್ನ ವಾದ. ಮೊದಲೇ ತುಂಬಿಟ್ಟ ಆಯ್ಕೆಯನ್ನು ಬದಲಿಸಲು ಹೆಚ್ಚಿನವರು ಮುಂದಾಗುವುದಿಲ್ಲ ಎಂಬ ತಿಳಿವಳಿಕೆಯೇ ಎರಡೂ ಕಡೆ ಬಳಕೆಯಾಗುತ್ತಿದೆ. ಬ್ರಿಟನ್ 2012ರಿಂದ ನೌಕರರನ್ನು ತಾನಾಗಿಯೇ ಪಿಂಚಣಿ ಯೋಜನೆಗೆ ಸೇರಿಸುತ್ತಿರುವುದು ಇದನ್ನೇ ನಂಬಿ; ಅಲ್ಲಿ ಒಂದು ತಿಂಗಳೊಳಗೆ ಹೊರಬಂದವರಿಗೆ ಕಡಿತವಾದ ಹಣ ವಾಪಸು ಸಿಗುತ್ತದೆ. ನಮ್ಮ 2018–19ರ ಆರ್ಥಿಕ ಸಮೀಕ್ಷೆಯೂ ‘ನಡ್ಜ್’ ವಿಧಾನಕ್ಕೆ, ಅಂದರೆ ಒತ್ತಾಯಿಸದೆ ಜನರನ್ನು ಒಂದು ಆಯ್ಕೆಯತ್ತ ಮೆಲ್ಲಗೆ ಪ್ರೇರೇಪಿಸುವುದಕ್ಕೆ, ಒಂದು ಅಧ್ಯಾಯವನ್ನೇ ಮೀಸಲಿಟ್ಟಿತ್ತು. ಈ ಕ್ಷೇತ್ರದ ಪ್ರಮುಖ ಚಿಂತಕ, 2017ರ ನೊಬೆಲ್ ಪುರಸ್ಕೃತ ರಿಚರ್ಡ್ ಥೇಲರ್ ಅವರು 2015ರಲ್ಲೇ ಮೂರು ಷರತ್ತುಗಳನ್ನು ಮುಂದಿಟ್ಟಿದ್ದರು: ಮುಚ್ಚುಮರೆ ಇರಕೂಡದು, ಹೊರಬರುವುದು ಸಾಧ್ಯವಾದಷ್ಟು ಸುಲಭವಾಗಿರಬೇಕು, ಯಾರನ್ನು ಪ್ರೇರೇಪಿಸುತ್ತೇವೆಯೋ ಅವರಿಗೇ ಒಳಿತಾಗುತ್ತದೆ ಎನ್ನಲು ಗಟ್ಟಿ ಕಾರಣವಿರಬೇಕು.

ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಯನ್ನು ಈ ಷರತ್ತುಗಳ ಮುಂದಿಟ್ಟು ನೋಡಬಹುದು. ವರ್ಷಕ್ಕೆ 436 ರೂಪಾಯಿಗೆ ಎರಡು ಲಕ್ಷದ ಜೀವ ವಿಮೆ ಬಡ ಕುಟುಂಬಕ್ಕೆ ನಿಜಕ್ಕೂ ದೊಡ್ಡ ಆಸರೆ. ಖಾತೆದಾರರ ಲಿಖಿತ ಒಪ್ಪಿಗೆ ಬೇಕೆಂಬ ನಿಯಮವಿದೆ, ಪ್ರತಿ ವರ್ಷ ಮೇ ಕೊನೆಗೆ ಕಂತು ತಾನಾಗಿ ಕಡಿತವಾಗುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುವ ಪರಿಚಿತ ಮಹಿಳೆಯೊಬ್ಬರು ಪಾಸ್‌ಬುಕ್ ತೋರಿಸಿ ಆ 436 ರೂಪಾಯಿ ಯಾವುದೆಂದು ನನ್ನನ್ನು ಕೇಳಿದ್ದರು. ಯೋಜನೆಯ ಹೆಸರು ಅಲ್ಲಿ ಇಂಗ್ಲಿಷಿನ ಬಿಡಿ ಅಕ್ಷರಗಳಲ್ಲಿ ಅಚ್ಚಾಗಿತ್ತು. ಖಾತೆ ತೆರೆದ ದಿನ ಹಲವು ಕಾಗದಗಳಿಗೆ ರುಜು ಹಾಕಿದ್ದು ಅವರಿಗೆ ನೆನಪಿತ್ತು, ಅವುಗಳಲ್ಲಿ ಒಂದು ವಿಮೆಯದೆಂದು ಗೊತ್ತಿರಲಿಲ್ಲ. ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೆಯೇ ವಿಷಯ. ಅವರು ತೀರಿಕೊಂಡರೆ ಎರಡು ಲಕ್ಷ ತಾನಾಗಿ ಮನೆಗೆ ಬರುವುದಿಲ್ಲ, ನಾಮಿನಿ ಬ್ಯಾಂಕಿಗೆ ಹೋಗಿ ಅರ್ಜಿ ಹಾಕಬೇಕು. ವಿಮೆ ಇದೆಯೆಂದು ಅವರಿಗೇ ತಿಳಿಯದ ಮೇಲೆ ಅವರ ಮಗನಿಗೆ ತಿಳಿಯುವುದು ಹೇಗೆ? ಹಣ ಮಾತ್ರ ತಾನಾಗಿ ಹೋಗುತ್ತದೆ. ಪರಿಹಾರ ಬೇಕಾದರೆ ಗೊತ್ತಿದ್ದವರು ಓಡಾಡಬೇಕು.

ಬೆಳೆ ವಿಮೆಯಲ್ಲೂ ಇದೇ ಕಷ್ಟವಿದೆ. 2020ರ ಮುಂಗಾರಿನಿಂದ ಫಸಲ್ ಬಿಮಾ ಐಚ್ಛಿಕ ಎಂದಾಯಿತು. ಆದರೂ ಬೆಳೆ ಸಾಲ ಪಡೆದ ರೈತ ನೋಂದಣಿಯ ಕೊನೆಯ ದಿನಕ್ಕೆ ಏಳು ದಿನ ಮೊದಲೇ ‘ಬೇಡ’ ಎಂದು ಬರೆದುಕೊಡದಿದ್ದರೆ ಬ್ಯಾಂಕ್ ಅವನನ್ನು ಸೇರಿಸಿಕೊಳ್ಳುತ್ತದೆ. ಸೇರಿಸಿಕೊಳ್ಳುವುದನ್ನೇ ನಾನು ತಪ್ಪೆನ್ನುವುದಿಲ್ಲ. ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ರೈತ ವಿಮಾ ಮೊತ್ತದ ಗರಿಷ್ಠ ಶೇ 2ರಷ್ಟು ಕಟ್ಟುತ್ತಾನೆ, ಉಳಿದದ್ದನ್ನು ಸರ್ಕಾರಗಳು ಭರಿಸುತ್ತವೆ. ಮಳೆ ನಂಬಿದ ಹೊಲಕ್ಕೆ ಇದು ಬೇಕಾದದ್ದೇ. ಆದರೆ ಆಲಿಕಲ್ಲು ಬಿದ್ದು ಅಥವಾ ಹೊಲದಲ್ಲಿ ನೀರು ನಿಂತು ಬೆಳೆ ಹಾಳಾದರೆ 72 ಗಂಟೆಯೊಳಗೆ ದೂರು ಕೊಡಬೇಕು. ವಿಮೆ ಇರುವುದೇ ತಿಳಿಯದ ರೈತ ಆ ಮೂರು ದಿನಗಳಲ್ಲಿ ದೂರು ಕೊಡಲಾರ.

ಹಾಗಾಗಿ ತಿಳಿಸುವುದನ್ನು ಕೇವಲ ಔಪಚಾರಿಕ ಶಿಷ್ಟಾಚಾರವೆಂದು ನೋಡಲು ನನಗೆ ಆಗುವುದಿಲ್ಲ. ಥೇಲರ್ ಅವರ ಮೂರನೆಯ ಷರತ್ತು ಈಡೇರಬೇಕಾದರೆ ಮೊದಲನೆಯದು ಈಡೇರಲೇಬೇಕು. ಯಾವಾಗ ತಿಳಿಸುತ್ತೇವೆ ಎಂಬುದೂ ಮುಖ್ಯ. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದೇ ರೈತರು ಕೊಯ್ಲಿಗೆ ಮುಂಚೆ, ಕೈಯಲ್ಲಿ ಹಣವಿಲ್ಲದಾಗ, ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಕೊಯ್ಲಿನ ನಂತರಕ್ಕಿಂತ ಹಿಂದೆ ಬಿದ್ದಿದ್ದರು. ನಾವು ಬೆಳೆ ಸಾಲದ ಕಾಗದಗಳಿಗೆ ರುಜು ಹಾಕಿಸಿಕೊಳ್ಳುವುದು ಬಿತ್ತನೆ ಬೀಜ, ಗೊಬ್ಬರಕ್ಕೆ ಹಣ ಹೊಂದಿಸಲು ಪರದಾಡುವ ದಿನಗಳಲ್ಲಿ.

ಸರಿಯಾದ ಮಾದರಿ ನಮ್ಮಲ್ಲೇ ಇದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ, 2021ರ ಅಕ್ಟೋಬರ್‌ನಿಂದ, ಕಾರ್ಡಿನಿಂದ ಪ್ರತಿ ತಿಂಗಳು ತಾನಾಗಿ ಹೋಗುವ ಚಂದಾ ಹಣಕ್ಕೆ ಕನಿಷ್ಠ 24 ಗಂಟೆ ಮೊದಲು ಮೊತ್ತ ಮತ್ತು ಪಡೆಯುವವರ ಹೆಸರು ಸಹಿತ ಸೂಚನೆ ಬರಬೇಕು, ಅಲ್ಲಿಯೇ ಬೇಡವೆನ್ನಲು ಅವಕಾಶವಿರಬೇಕು. ಸಿನಿಮಾ ನೋಡುವ ಆ್ಯಪಿನ ಚಂದಾದಾರನಿಗೆ ಸಿಗುವ ಈ ರಕ್ಷಣೆ ಹೊಲಿಗೆ ಕೆಲಸದ ಮಹಿಳೆಗೂ ಸಾಲ ಪಡೆದ ರೈತನಿಗೂ ಸಿಗಬೇಕು: ಕಡಿತಕ್ಕೆ ಮೊದಲು ಕನ್ನಡದಲ್ಲಿ ಒಂದು ಸಂದೇಶ ಬರಲಿ, ಓದಲು ಬಾರದವರಿಗೆ ಕರೆ ಬರಲಿ, ವಿಮೆ ಯಾವುದು, ಎಷ್ಟು, ನಾಮಿನಿ ಯಾರು, ಯಾವ ಸಂಖ್ಯೆಗೆ ದೂರು ಕೊಡಬೇಕು ಎಂಬುದು ಅದರಲ್ಲಿರಲಿ, ಬೇಡವೆನ್ನುವವರು ಅದೇ ಫೋನಿನಿಂದ ಬೇಡವೆನ್ನಲಿ. ಎಷ್ಟು ಜನರನ್ನು ಸೇರಿಸಿದೆವು ಎಂಬ ಲೆಕ್ಕದ ಜೊತೆಗೆ, ಸೇರಿದವರಲ್ಲಿ ಎಷ್ಟು ಜನರಿಗೆ ಅದು ಗೊತ್ತಿದೆ ಎಂಬುದನ್ನೂ ಬ್ಯಾಂಕುಗಳು ಪ್ರತಿ ವರ್ಷ ಪ್ರಕಟಿಸಬೇಕು.