ಬಿಸಿಲಿಗೆ ಒರಗಿಸಿದ ಫ್ರೇಮುಗಳು

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಮದುವೆ ಕಾರ್ಡೇ ಜಾಸ್ತಿ. ಸ್ಕ್ರೀನ್ ಎಕ್ಸ್‌ಪೋಸ್ ಮಾಡಲು, ಅಂದರೆ ಜಾಲರಿ ಬಟ್ಟೆಯನ್ನು ಬೆಳಕಿಗೆ ಹಿಡಿದು ಡಿಸೈನು ಮೂಡಿಸಲು, ಲೈಟಿನ ಡಬ್ಬ ಇದೆ. ಆದರೂ ನನಗೆ ಮಹಡಿ ಮೇಲಿನ ಬಿಸಿಲೇ ಇಷ್ಟ. ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಮದ್ದು ಹಚ್ಚಿದ ಬಟ್ಟೆ, ಮೇಲೆ ಡಿಸೈನು, ಅದರ ಮೇಲೆ ಗಾಜು. ಡಿಸೈನಿನ ಕಪ್ಪು ಮರೆಯಲ್ಲಿದ್ದ ಮದ್ದು ನೀರಿಗೆ ತೊಳೆದುಹೋಗಿ, ಶಾಯಿ ಇಳಿಯಲು ದಾರಿ ತೆರೆಯುತ್ತದೆ. ಬಿಸಿಲು ಜಾಸ್ತಿ ಆದರೆ ಒತ್ತಕ್ಷರ ತೆರೆಯುವುದಿಲ್ಲ. ಕಡಿಮೆ ಆದರೆ ನೀರು ಬಿದ್ದ ಕೂಡಲೇ ಮದ್ದೆಲ್ಲ ಕಿತ್ತು ಬರುತ್ತದೆ. ಶ್ರಾವಣದ ಮದುವೆ ಕಾರ್ಡುಗಳು ಆಷಾಢದಲ್ಲೇ ಬರುತ್ತವೆ, ಬಿಸಿಲೇ ಇಲ್ಲದಾಗ. ಒಮ್ಮೆ ಮೋಡದ ಲೆಕ್ಕ ತಪ್ಪಿ, ಮದುಮಗಳ ಹೆಸರು ಇಡ್ಲಿಯ ಹಾಗೆ ಊದಿಕೊಂಡಿತ್ತು.

ಹೋದ ವಾರ 1846ರ ಒಂದು ಫೋಟೊ ಸಿಕ್ಕಿತು. ಇಂಗ್ಲೆಂಡಿನ ರೀಡಿಂಗ್ ಊರಿನದು. ಕಾಗದದ ಮೇಲೆ ಫೋಟೊ ಮೂಡಿಸುವುದನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಹೆನ್ರಿ ಟಾಲ್ಬಟ್ ಅವರ ಮನೆಯಲ್ಲಿ ಆಳಾಗಿದ್ದ ನಿಕೋಲಾಸ್ ಹೆನ್ನೆಮನ್ ಅಲ್ಲಿ ಫೋಟೊ ಪ್ರಿಂಟ್ ಹಾಕುವ ಅಂಗಡಿ ನಡೆಸುತ್ತಿದ್ದರು. ಎರಡು ಹಾಳೆ ಪಕ್ಕಪಕ್ಕ ಜೋಡಿಸಿದರೆ ಇಡೀ ಅಂಗಡಿ ಕಾಣುತ್ತದೆ. ಕೆಲಸವೆಲ್ಲ ಬಯಲಲ್ಲೇ. ಒಬ್ಬ ಕುರ್ಚಿಯಲ್ಲಿ ಕೂತವನ ಫೋಟೊ ತೆಗೆಯುತ್ತಿದ್ದಾನೆ, ಇನ್ನೊಬ್ಬ ಶಿಲ್ಪದ ಫೋಟೊ. ಎಲ್ಲರೂ ಕೆಲಸ ಮಾಡುವ ಹಾಗೆ ಸುಮ್ನೆ ನಿಂತಿದ್ದಾರೆ, ಅಷ್ಟೇ. ಅಲ್ಲಾಡಿದರೆ ಫೋಟೊ ಕೆಡುತ್ತದಲ್ವಾ!

ನನ್ನ ಕಣ್ಣು ಹೋಗಿದ್ದು ಸಾಲಾಗಿ ಬಿಸಿಲಿಗೆ ಒರಗಿಸಿದ ಫ್ರೇಮುಗಳ ಕಡೆ. ಗಾಜಿನ ಕೆಳಗೆ ನೆಗೆಟಿವ್, ಅದರ ಕೆಳಗೆ ಬೆಳ್ಳಿಯ ಲವಣ ಹಚ್ಚಿದ ಕಾಗದ. ಕಾಗದ ಬಿಸಿಲಲ್ಲೇ ಕಪ್ಪಾಗಬೇಕು. ಆ ಅಂಗಡಿಯ ಮಶೀನು ಅಂದರೆ ಇದೇ. ಅವನ್ನು ನೋಡಿಕೊಳ್ಳುವವನು ಪಕ್ಕದಲ್ಲೇ ನಿಂತಿದ್ದಾನೆ. ಫೋಟೊಕ್ಕಾಗಿ ಎಲ್ಲರೂ ಕೈಕಟ್ಟಿದಾಗಲೂ ಅವನ ಫ್ರೇಮುಗಳು ಮಾತ್ರ ನಿಜವಾಗಿ ದುಡಿಯುತ್ತಿದ್ದವು ಅಂತ ನನ್ನ ಊಹೆ.

ಅದೇ ವರ್ಷ ಒಂದು ಪತ್ರಿಕೆಗೆ ಹೆನ್ನೆಮನ್ ಅಂಗಡಿಯವರು ಸಾವಿರಾರು ಪ್ರಿಂಟ್ ಹಾಕಿಕೊಟ್ಟರು. ಬಹಳಷ್ಟು ಮಾಸಿಹೋದವು. ಸರಿಯಾಗಿ ತೊಳೆಯದಿದ್ದರೆ ಹಾಗೇ. ನಮ್ಮ ಹುಡುಗನಿಗೆ ದಿನಾ ಹೇಳುವ ಮಾತೂ ಅದೇ: ಇನ್ನೊಂದು ಸಲ ನೀರು ಬಿಡು.

ಆಮೇಲೆ 1852ರಲ್ಲಿ ಟಾಲ್ಬಟ್ ಜೆಲಾಟಿನ್‌ಗೆ ಬೈಕ್ರೋಮೇಟ್ ಬೆರೆಸಿ, ಬೆಳಕು ಬಿದ್ದಲ್ಲಿ ಅದು ಗಟ್ಟಿಯಾಗುವುದನ್ನು ಬಳಸಿ ಲೋಹದ ಅಚ್ಚು ಮಾಡಿದರು. ತೆಳು ಜಾಲರಿ ಬಟ್ಟೆಯನ್ನೂ ಬಳಸಿದರು. ನನ್ನ ಶೆಲ್ಫಿನ ಕಿತ್ತಳೆ ಬಣ್ಣದ ಸೀಸೆಯಲ್ಲೂ ಅದೇ ಬೈಕ್ರೋಮೇಟ್.

ಫೋಟೊವನ್ನು ಹುಡುಗನಿಗೆ ತೋರಿಸಿದೆ. ಫ್ರೇಮುಗಳನ್ನು ಬೆರಳಲ್ಲಿ ಎಣಿಸಿದ. "ಅಣ್ಣಾ, ಮಳೆ ಬಂದ್ರೆ ಇಷ್ಟನ್ನೂ ಒಳಗೆ ಹೊರೋರು ಯಾರು?" ಅಂದ.