ಚಾಮರಾಜಪುರಂ ರೈಲು, ವಿಷ್ಣುವರ್ಧನ್ ಮತ್ತು ನಾವು ಮೂವರು

ಕಾಲೇಜಿನ ಸಂಚಿಕೆಗೆ ನೆನಪು ಬರೆಯುವವರು ಸಾಮಾನ್ಯವಾಗಿ ಮೇಷ್ಟ್ರುಗಳನ್ನು, ಲೈಬ್ರರಿಯನ್ನು, ಶತಮಾನೋತ್ಸವ ಭವನದ ಸಭೆಗಳನ್ನು ನೆನೆಯುತ್ತಾರೆ. ಅವೆಲ್ಲ ನನಗೂ ಪ್ರೀತಿಯವೇ. ಆದರೆ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದಿದ ಆ ವರ್ಷಗಳಲ್ಲಿ, ಅಂದರೆ 1987ರಿಂದ 1990ರವರೆಗೆ, ನಾನು ಅತಿ ಜಾಸ್ತಿ ಮಾತಾಡಿದ್ದು ವಿಷ್ಣುವರ್ಧನ್ ಬಗ್ಗೆ. ಅದನ್ನೇ ಬರೆಯುತ್ತೇನೆ. ಒಬ್ಬ ನಟನನ್ನು ಹೇಗೆ ನೋಡಬೇಕು ಅನ್ನುವುದನ್ನು ನಾನು ಕಲಿತದ್ದು ಈ ಕಾಲೇಜಿನ ಮೆಟ್ಟಿಲ ಮೇಲೆ, ಸ್ನೇಹಿತರ ಜೊತೆ ವಾದ ಮಾಡುತ್ತಾ.

ನಾವು ಮೂವರು. ನಾನು ನಂಜನಗೂಡಿನವಳು. ಬೆಳಗಿನ ರೈಲು ಹತ್ತಿ ಚಾಮರಾಜಪುರಂ ಸ್ಟೇಷನ್‌ನಲ್ಲಿ ಇಳಿದರೆ ಕಾಲೇಜಿಗೆ ನಡೆದೇ ಹೋಗಬಹುದಿತ್ತು. ಇನ್ನೊಬ್ಬಳು ಮಡಿಕೇರಿಯವಳು, ಹಾಸ್ಟೆಲ್‌ನಲ್ಲಿದ್ದಳು. ಮೂರನೆಯವನು ಮಂಡ್ಯದ ಹುಡುಗ. ಅವನಿಗೆ ಮೊದಲ ದೇವರು ಅಂಬರೀಷ್. ಆದರೂ ವಿಷ್ಣು ವಿಷಯ ಬಂದರೆ ನಮ್ಮಿಬ್ಬರಿಗಿಂತ ಅವನಿಗೇ ಜಾಸ್ತಿ ಗೊತ್ತಿರುತ್ತಿತ್ತು. 'ಅಂಬಿ, ವಿಷ್ಣು ಇಬ್ಬರೂ ಒಂದೇ ಸಿನಿಮಾದಲ್ಲಿ ಎದ್ದವರು ಕಣಮ್ಮಿ, ಒಬ್ಬರನ್ನ ಬಿಟ್ಟು ಇನ್ನೊಬ್ಬರನ್ನ ನೋಡಕ್ಕಾಗಲ್ಲ' ಅನ್ನುತ್ತಿದ್ದ. ಅವನು ಹೇಳುತ್ತಿದ್ದುದು 1972ರ 'ನಾಗರಹಾವು' ಬಗ್ಗೆ. ಪುಟ್ಟಣ್ಣ ಕಣಗಾಲ್ ಅದರಲ್ಲಿ ಸಂಪತ್ ಕುಮಾರ್ ಎಂಬ ಹುಡುಗನಿಗೆ ವಿಷ್ಣುವರ್ಧನ್ ಅಂತ ಹೆಸರಿಟ್ಟು ರಾಮಾಚಾರಿ ಮಾಡಿದರು. ಅಂಬರೀಷ್ ಜಲೀಲ ಆದರು.

ನಾವು ಓದುವ ಕಾಲಕ್ಕೆ ವಿಷ್ಣು ಊರಿಗೆಲ್ಲ ಸಾಹಸಸಿಂಹ. ಥಿಯೇಟರ್ ಮುಂದೆ ಎತ್ತರದ ಕಟೌಟು, ಹಾರ, ಪಟಾಕಿ. ಮೈಸೂರಿನಲ್ಲೇ ಹುಟ್ಟಿದವರು ಅನ್ನುವ ಹೆಮ್ಮೆ ಬೇರೆ. 'ಖೈದಿ', 'ದಾದಾ', 'ದೇವ' ಬಗ್ಗೆ ಮಾತಾಡುವವರಿಗೆ ಬರವಿರಲಿಲ್ಲ. ಹಾಗಾಗಿ ನಮ್ಮಲ್ಲಿ ಒಂದು ಒಪ್ಪಂದ ಇತ್ತು. ಎಲ್ಲರೂ ಕೊಂಡಾಡುವ ಹೊಡೆದಾಟದ ಚಿತ್ರಗಳನ್ನು ಬಿಟ್ಟು, ಜನ ಮರೆತಿರುವ ಪಾತ್ರಗಳನ್ನು ಹುಡುಕಿ ತಂದು ಅದರ ಪರವಾಗಿ ವಾದ ಮಾಡಬೇಕು.

ನನ್ನ ಮೊದಲ ವಾದ 'ವಂಶವೃಕ್ಷ'ದ್ದು. ಅದು 'ನಾಗರಹಾವು' ಚಿತ್ರಕ್ಕಿಂತ ಮೊದಲು ಬಂದದ್ದು. ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡ್ ಸೇರಿ ನಿರ್ದೇಶಿಸಿದ್ದರು, ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಒಂದು ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಟಿ.ವಿ.ಯಲ್ಲಿ ಅದನ್ನು ನೋಡಿದೆ. ಭೈರಪ್ಪನವರ ಕಾದಂಬರಿಯಲ್ಲಿ ಶ್ರೋತ್ರಿಗಳ ಮನೆ ಇರುವುದು ನಮ್ಮ ನಂಜನಗೂಡಿನಲ್ಲಿ. ಕಾತ್ಯಾಯಿನಿ ಓದಲು ಮೈಸೂರಿಗೆ ಹೋಗಿಬರುವುದು ನಾನು ದಿನಾ ಹೋಗುವ ಅದೇ ರೈಲು ದಾರಿಯಲ್ಲಿ. ಅವಳ ಬೆಳೆದ ಮಗನಾಗಿ ವಿಷ್ಣು ಬರುತ್ತಾರೆ. ಪುಟ್ಟ ಪಾತ್ರ. ಇನ್ನೂ ಸ್ಟಾರ್ ಆಗಿಲ್ಲದ, ಸಪೂರ ಹುಡುಗ. ರಾಮಾಚಾರಿಯ ಹಠ, ಸಿಟ್ಟು ಯಾವುದೂ ಇಲ್ಲ. ಆ ಮುಖದಲ್ಲಿ ಒಂದು ಸಂಕೋಚ ಇದೆ. ಅದು ಕೊನೆಯವರೆಗೂ ಅವರಿಂದ ಹೋಗಲಿಲ್ಲ ಅಂತ ನನಗನ್ನಿಸುತ್ತದೆ. ಕಟೌಟಿನ ಹಿಂದೆ ಅದು ಅಡಗಿತ್ತು, ಅಷ್ಟೆ.

'ಅಷ್ಟು ಚಿಕ್ಕ ಪಾತ್ರಕ್ಕೆ ಇಷ್ಟು ಮಾತಾ?' ಅಂತ ಮಡಿಕೇರಿಯವಳು ರೇಗಿಸುತ್ತಿದ್ದಳು. ಅವಳ ಕಣ್ಣು ಯಾವಾಗಲೂ ಜೋಡಿಗಳ ಮೇಲೆ. ಯಾರ ಜೊತೆ ವಿಷ್ಣು ಚೆನ್ನಾಗಿ ಹೊಂದುತ್ತಾರೆ ಅನ್ನುವುದರ ಬಗ್ಗೆ ಅವಳು ಗಂಟೆಗಟ್ಟಲೆ ಮಾತಾಡಬಲ್ಲಳು. ಆರತಿ ಜೊತೆ 'ಹೊಂಬಿಸಿಲು' ಅವಳಿಗೆ ಬಹಳ ಇಷ್ಟ. 1978ರ ಚಿತ್ರ, ಗೀತಪ್ರಿಯ ನಿರ್ದೇಶನ, ಉಷಾ ನವರತ್ನರಾಂ ಅವರ ಕಾದಂಬರಿ. ಆರತಿ ಎದುರಿಗಿದ್ದರೆ ವಿಷ್ಣು ಒಂದು ಹೆಜ್ಜೆಯನ್ನೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಇಬ್ಬರದೂ ಗಟ್ಟಿ ಸ್ವಭಾವ, ಪ್ರೀತಿಯಲ್ಲೂ ಒಂದು ಪಂದ್ಯ ನಡೆಯುತ್ತಿರುತ್ತದೆ ಅನ್ನುತ್ತಿದ್ದಳು. ಭಾರತಿ ಜೊತೆ ಹಾಗಲ್ಲ. 'ನಾಗರಹೊಳೆ'ಯಲ್ಲಿ ಮಕ್ಕಳ ಗುಂಪಿನ ನಡುವೆ ಅವರಿಬ್ಬರನ್ನು ನೋಡಿದರೆ ಮನೆಯವರು ಅನ್ನಿಸುತ್ತಾರೆ. ಆ ಹೊತ್ತಿಗೆ ನಿಜಕ್ಕೂ ಮದುವೆಯಾಗಿದ್ದರಲ್ಲ. ಭವ್ಯ ಜೊತೆಗಿನ ಚಿತ್ರಗಳು ನಮ್ಮ ಕಣ್ಣೆದುರೇ ಬರುತ್ತಿದ್ದವು, 'ಕರುಣಾಮಯಿ', 'ಹೃದಯಗೀತೆ'. ಹಾಡುಗಳು ಚೆಂದ, ಜೋಡಿ ನೋಡಲು ಚೆಂದ. ಆದರೆ ಆ ಜೋಡಿ ಬಗ್ಗೆ ನಮ್ಮಲ್ಲಿ ಜಗಳ ಹುಟ್ಟಲಿಲ್ಲ. ಜಗಳ ಹುಟ್ಟಿಸಿದ್ದು ಸುಹಾಸಿನಿ.

1988ರಲ್ಲಿ 'ಸುಪ್ರಭಾತ' ಬಂತು. ಕೇರಳದ ಕಡೆಯಿಂದ ಬಂದ ಛಾಯಾಗ್ರಾಹಕ ದಿನೇಶ್ ಬಾಬು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ. ಸಂಗೀತ ನಮ್ಮ ಮೈಸೂರಿನ ಅಣ್ಣತಮ್ಮಂದಿರು ರಾಜನ್-ನಾಗೇಂದ್ರ ಅವರದು. ಆ ಹಾಡುಗಳು ಆಗ ಯಾವ ಹೋಟೆಲಿಗೆ ಹೋದರೂ ಕೇಳುತ್ತಿದ್ದವು. ನಾವು ಮೂವರೂ ಮೊದಲ ವಾರವೇ ನೋಡಿ ಬಂದೆವು. ಮರುದಿನ ಮೆಟ್ಟಿಲ ಮೇಲೆ ಕೂತು ಅದರ ಬಗ್ಗೆಯೇ ಮಾತು. ಸುಹಾಸಿನಿ ವಿಷ್ಣುವನ್ನು ಮೀರಿಸಿದ್ದಾರೆ ಅಂತ ಮಂಡ್ಯದವನು. ಇಲ್ಲ, ವಿಷ್ಣುವೇ ಜಾಗ ಬಿಟ್ಟುಕೊಟ್ಟಿದ್ದಾರೆ ಅಂತ ನಾನು. ಆಗ ಅಲ್ಲೇ ಹೋಗುತ್ತಿದ್ದ ನಮ್ಮ ಕನ್ನಡ ಮೇಷ್ಟ್ರು ನಿಂತರು. ಬೈಯುತ್ತಾರೆ ಅಂದುಕೊಂಡು ಎದ್ದು ನಿಂತೆವು.

'ಏನ್ರಮ್ಮ, ಸುಪ್ರಭಾತವಾ? ನಾನೂ ನೋಡಿದೆ' ಅಂದರು. 'ಒಂದು ಕೆಲಸ ಮಾಡಿ. ಇನ್ನೊಂದು ಸಲ ಹೋದರೆ ಆ ಹುಡುಗಿ ಮಾತಾಡುವಾಗ ಅವಳನ್ನ ನೋಡಬೇಡಿ. ವಿಷ್ಣು ಏನು ಮಾಡ್ತಾರೆ ನೋಡಿ. ಡೈಲಾಗ್ ಹೇಳೋದನ್ನ ಯಾರು ಬೇಕಾದರೂ ಕಲೀಬಹುದು. ಕೇಳಿಸಿಕೊಳ್ಳೋದು ಕಷ್ಟ.'

ಇಷ್ಟು ಹೇಳಿ ಅವರು ಕ್ಲಾಸಿಗೆ ಹೋದರು. ನಾವು ಮ್ಯಾಟಿನಿಗೆ ಹೋದೆವು.

ಮೇಷ್ಟ್ರು ಹೇಳಿದ ಹಾಗೇ ನೋಡಿದೆ. ಸುಹಾಸಿನಿಯ ಮಾತು ಚುರುಕು. ತುಟಿಯಲ್ಲಿ ನಗು ಇಟ್ಟುಕೊಂಡೇ ಮಾತು ಶುರು ಮಾಡುತ್ತಾರೆ, ಎಲ್ಲೋ ಮಧ್ಯೆ ನಿಲ್ಲಿಸಿಬಿಡುತ್ತಾರೆ. ಅವರು ನಿಲ್ಲಿಸಿದ ಜಾಗದಲ್ಲಿ ವಿಷ್ಣು ಕೂಡಲೇ ಬಾಯಿ ಹಾಕುವುದಿಲ್ಲ. ಒಂದು ಕ್ಷಣ ಕಾಯುತ್ತಾರೆ. ಆ ಕ್ಷಣದಲ್ಲಿ ಕಣ್ಣು ಸ್ವಲ್ಪ ಕೆಳಗೆ ಹೋಗುತ್ತದೆ, ಕತ್ತು ಒಂದಿಷ್ಟು ವಾಲುತ್ತದೆ, ಆಮೇಲೆ ಉತ್ತರ ಬರುತ್ತದೆ. ಹೊಡೆದಾಟದ ಚಿತ್ರಗಳಲ್ಲಿ ಈ ಕಾಯುವಿಕೆಗೆ ಜಾಗವೇ ಇಲ್ಲ. ಅಲ್ಲಿ ಎದುರಿನವನು ಮಾತು ಮುಗಿಸುವ ಮೊದಲೇ ಹೀರೋ ಗುಡುಗಬೇಕು. ಅವರ ನಟನೆ ನಿಜಕ್ಕೂ ಬಿಚ್ಚಿಕೊಳ್ಳುವುದು ಎದುರಿಗಿರುವವರು ಮಾತಾಡುವಾಗ. ಜೋಡಿ ಹೊಂದುವುದು ಅಂದರೆ ಇದೇ ಅಂತ ನಾನು ಇವತ್ತಿಗೂ ನಂಬಿದ್ದೇನೆ. ಇಬ್ಬರು ಚೆಂದ ಇದ್ದರೆ ಸಾಲದು. ಒಬ್ಬರ ಮಾತು ಇನ್ನೊಬ್ಬರೊಳಗೆ ಇಳಿಯುವುದು ನಮಗೆ ಕಾಣಬೇಕು.

ಆಮೇಲೆ 'ಬಂಧನ' ಮತ್ತೆ ಬಿಡುಗಡೆಯಾದಾಗ ಅದನ್ನೂ ಹಾಗೇ ನೋಡಿದೆವು. 1984ರ ಚಿತ್ರ, ರಾಜೇಂದ್ರಸಿಂಗ್ ಬಾಬು ನಿರ್ದೇಶನ, ಇದೂ ಉಷಾ ನವರತ್ನರಾಂ ಅವರ ಕಾದಂಬರಿ. ಇದನ್ನು ಯಾರೂ ಮರೆತಿಲ್ಲ, ನಮ್ಮ ಒಪ್ಪಂದದ ಪ್ರಕಾರ ಇದು ಬರುವ ಹಾಗಿರಲಿಲ್ಲ. ಆದರೆ ಇದನ್ನು ಬಿಟ್ಟು ಸುಹಾಸಿನಿ-ವಿಷ್ಣು ಬಗ್ಗೆ ಮಾತಾಡುವುದು ಹೇಗೆ? ಡಾಕ್ಟರ್ ಹರೀಶ್ ನಂದಿನಿಯನ್ನು ಪ್ರೀತಿಸುತ್ತಾನೆ. ಅವಳಿಗೆ ಅವನು ಒಳ್ಳೆಯ ಸ್ನೇಹಿತ ಮಾತ್ರ. ಅವಳು ಬೇರೆಯವನನ್ನು ಮದುವೆಯಾಗುತ್ತಾಳೆ. ಇಂಥ ಕಥೆಯಲ್ಲಿ ಹೀರೋ ಅತ್ತು ಕರೆದು ನಮ್ಮನ್ನು ಅಳಿಸುವುದು ಸುಲಭ. ವಿಷ್ಣು ಅವಳ ಮುಂದೆ ನಗುತ್ತಾರೆ. ಅವಳಿಗೆ ಗೊತ್ತಾಗದ ಹಾಗೆ, ನಮಗೆ ಮಾತ್ರ ಗೊತ್ತಾಗುವ ಹಾಗೆ ನಗುತ್ತಾರೆ. ಖೈದಿಯ ವಿಷ್ಣು, ಬಂಧನದ ವಿಷ್ಣು ಇಬ್ಬರೂ ಒಂದೇ ವರ್ಷ ಬಂದವರು ಅಂದರೆ ನಂಬಲು ಕಷ್ಟ ಅಲ್ವಾ!

ಮಂಡ್ಯದವನು ಇಷ್ಟಕ್ಕೆ ಒಪ್ಪುವವನಲ್ಲ. ಜೋಡಿ ಅಂದರೆ ಬರೀ ಹೀರೋಯಿನ್ನಾ ಅಂತ ಅವನ ಪ್ರಶ್ನೆ. ಅದು ಒಳ್ಳೆಯ ಪ್ರಶ್ನೆಯೇ. ಅವನ ಪ್ರಕಾರ ವಿಷ್ಣುವಿನ ದೊಡ್ಡ ಜೋಡಿ ಕೆ.ಎಸ್. ಅಶ್ವಥ್. ರಾಮಾಚಾರಿ ಮತ್ತು ಚಾಮಯ್ಯ ಮೇಷ್ಟ್ರು. ಯಾರಿಗೂ ಬಗ್ಗದ ಹುಡುಗ ಒಬ್ಬ ಮೇಷ್ಟ್ರ ಮುಂದೆ ಮಾತ್ರ ಮೆತ್ತಗಾಗುವುದನ್ನು ಅವನು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದ. ಹೊಸಬನೊಬ್ಬ ಅಷ್ಟು ಅನುಭವದ ನಟನ ಎದುರು ನಿಂತು ತಡವರಿಸಲಿಲ್ಲ, ಯಾಕೆಂದರೆ ಅಶ್ವಥ್ ಅವನನ್ನು ಮಗನಂತೆ ನೋಡುತ್ತಿದ್ದುದು ಕ್ಯಾಮೆರಾದಲ್ಲೂ ಬಿದ್ದಿದೆ ಅನ್ನುತ್ತಿದ್ದ. ಅಶ್ವಥ್ ಅವರೂ ಮೈಸೂರಿನವರೇ. ದ್ವಾರಕೀಶ್ ಜೊತೆ 'ಕಿಟ್ಟು ಪುಟ್ಟು', ರಜನಿಕಾಂತ್ ಜೊತೆ 'ಸಹೋದರರ ಸವಾಲ್', ಎರಡೂ 1977ರವು, ಹೀಗೆ ಅವನ ಪಟ್ಟಿ ಬೆಳೆಯುತ್ತಿತ್ತು. ಆಮೇಲೆ ಅನಂತನಾಗ್ ಜೊತೆ 'ಮತ್ತೆ ಹಾಡಿತು ಕೋಗಿಲೆ', 'ನಿಷ್ಕರ್ಷ' ಬಂದಾಗ ಅವನ ವಾದಕ್ಕೆ ಇನ್ನಷ್ಟು ಬಲ ಬಂತು. ನನಗೆ 'ಮಲಯ ಮಾರುತ' ಇಷ್ಟ. 1986ರಲ್ಲಿ ಕೆ.ಎಸ್.ಎಲ್. ಸ್ವಾಮಿ ಮಾಡಿದ ಸಂಗೀತದ ಕಥೆ. ಯೇಸುದಾಸ್ ಅವರ ದೊಡ್ಡ ದನಿಗೆ ತುಟಿ ಸೇರಿಸುವುದು ಅಷ್ಟು ಸುಲಭ ಅಲ್ಲ. ವಿಷ್ಣು ತುಟಿಯನ್ನಷ್ಟೇ ಸೇರಿಸಲಿಲ್ಲ, ಉಸಿರನ್ನೂ ಸೇರಿಸಿದ್ದಾರೆ. ಅವರ ತಂದೆ ನಾರಾಯಣ ರಾವ್ ಸಂಗೀತ ಬಲ್ಲವರು. ಅದು ಮನೆಯಿಂದಲೇ ಬಂದಿರಬೇಕು.

ನಮ್ಮ ಓದು ಮುಗಿದ ವರ್ಷವೇ 'ಮುತ್ತಿನ ಹಾರ' ಬಂತು. ಮಡಿಕೇರಿಯವಳ ಪತ್ರ ಬಂತು, ಪುಟಗಟ್ಟಲೆ. ಕೊಡಗಿನ ಸೈನಿಕ ಅಚ್ಚಪ್ಪ, ನರ್ಸ್ ಅನ್ನಪೂರ್ಣ. ಯೌವನದಿಂದ ಮುಪ್ಪಿನವರೆಗೆ ಯುದ್ಧದ ಮೇಲೆ ಯುದ್ಧ. ಅವಳ ಮನೆಯಲ್ಲೂ ಮಿಲಿಟರಿಯವರಿದ್ದರು. ಚಿತ್ರ ನೋಡಿ ಮನೆಯವರು ಯಾರೂ ಊಟ ಮಾಡಲಿಲ್ಲವಂತೆ. 'ವಯಸ್ಸಾದ ಮೇಲೆ ವಿಷ್ಣು ಕೂರುವ ರೀತಿ ನಮ್ಮ ತಾತನದೇ. ಬೆನ್ನು ಬಾಗಲ್ಲ, ಕೈ ಮಾತ್ರ ನಡುಗುತ್ತೆ' ಅಂತ ಬರೆದಿದ್ದಳು. ಸುಹಾಸಿನಿ ಜೊತೆ ಇದಕ್ಕಿಂತ ದೊಡ್ಡದು ಇನ್ನು ಬರಲ್ಲ ಅಂತ ತೀರ್ಪನ್ನೂ ಕೊಟ್ಟಿದ್ದಳು. ಬಾಲಮುರಳಿಕೃಷ್ಣ ಅವರ ಹಾಡಿನ ಬಗ್ಗೆಯೇ ಒಂದು ಪುಟ ಇತ್ತು.

ಆಮೇಲೆ ಮದುವೆ, ಕೆಲಸ, ಬೇರೆ ಬೇರೆ ಊರು. ಆದರೂ ಅವರದು ಹೊಸ ಚಿತ್ರ ಬಂದರೆ ಯಾರಾದರೂ ಒಬ್ಬರು ಮಾತು ಶುರು ಮಾಡುತ್ತಿದ್ದೆವು. 1997ರ 'ಲಾಲಿ' ನೋಡಿ, ಮಗಳಿದ್ದ ನಾನು ಫೋನಿನಲ್ಲಿ ಮಾತಾಡಲಾರದೆ ಸುಮ್ನೆ ಇಟ್ಟುಬಿಟ್ಟೆ. ಆ ಪಾತ್ರಕ್ಕೆ ಅವರಿಗೆ ರಾಜ್ಯ ಪ್ರಶಸ್ತಿ ಬಂತು. 2007ರಲ್ಲಿ ನಾಗತಿಹಳ್ಳಿ ಚಂದ್ರಶೇಖರ್ ಅವರ 'ಮಾತಾಡ್ ಮಾತಾಡು ಮಲ್ಲಿಗೆ'ಯಲ್ಲಿ ಹೂ ಬೆಳೆಯುವ ರೈತ ಹೂವಯ್ಯನಾಗಿ ಬಂದರು, ಮತ್ತೆ ಸುಹಾಸಿನಿ ಜೊತೆ. ಬಂಧನದಿಂದ 23 ವರ್ಷ ಕಳೆದಿತ್ತು. ಆ ಕಾಯುವ ಕ್ಷಣ ಹಾಗೇ ಇತ್ತು. ಅದನ್ನು ನೋಡಿದ ಕೂಡಲೇ ನಮ್ಮ ಕನ್ನಡ ಮೇಷ್ಟ್ರು ನೆನಪಾದರು.

2009ರ ಡಿಸೆಂಬರ್ 30ರಂದು ವಿಷ್ಣು ತೀರಿಕೊಂಡರು, ಮೈಸೂರಿನಲ್ಲೇ. 2010ರ ಜನವರಿ 18ರಂದು ಕೆ.ಎಸ್. ಅಶ್ವಥ್ ಹೋದರು, ಅವರೂ ಮೈಸೂರಿನಲ್ಲೇ. ನಡುವೆ ಇದ್ದದ್ದು 19 ದಿನ. ಆವತ್ತು ರಾತ್ರಿ ಮಂಡ್ಯದವನು ಫೋನ್ ಮಾಡಿದ. 'ಹುಡುಗನ ಹಿಂದೇನೇ ಮೇಷ್ಟ್ರೂ ಹೊರಟರು ಕಣಮ್ಮಿ' ಅಂದ. ಜೋಡಿ ಬಗ್ಗೆ ನಾವು ಮಾಡಿದ ವಾದಗಳಲ್ಲಿ ಅವನೇ ಗೆದ್ದ ಅಂತ ಆವತ್ತು ನನಗನ್ನಿಸಿತು. ಅದನ್ನು ಅವನಿಗೆ ಹೇಳಿದೆ ಕೂಡ.

2023ರ ಜನವರಿಯಲ್ಲಿ ಮೈಸೂರಿನ ಹತ್ತಿರ ಹಾಲಾಳು ಗ್ರಾಮದಲ್ಲಿ ವಿಷ್ಣು ಸ್ಮಾರಕ ಉದ್ಘಾಟನೆ ಆಯಿತು. ಸ್ವಲ್ಪ ತಿಂಗಳಾದ ಮೇಲೆ ನಾವು ಮೂವರೂ ಒಟ್ಟಿಗೆ ಹೋದೆವು. ಮಡಿಕೇರಿಯವಳು ಮೊಮ್ಮಗನನ್ನು ಕರೆತಂದಿದ್ದಳು. ಅವನಿಗೆ ಗೊತ್ತಿದ್ದದ್ದು 'ಆಪ್ತಮಿತ್ರ' ಒಂದೇ. ವಾಪಸ್ ಬರುವಾಗ ಕಾರಿನಲ್ಲಿ ಅವನಿಗೆ ಮೊದಲು ಯಾವ ಚಿತ್ರ ತೋರಿಸಬೇಕು ಅನ್ನುವ ವಾದ ಶುರುವಾಯಿತು. ಮುತ್ತಿನ ಹಾರ ಅಂತ ಅವಳು. ನಾಗರಹಾವು ಬಿಟ್ಟು ಇನ್ನೇನು ಅಂತ ಮಂಡ್ಯದವನು. ನಾನು ಸುಪ್ರಭಾತ ಅಂದೆ, ಈಗಲೂ ಅದನ್ನೇ ಅನ್ನುತ್ತೇನೆ. ಯಾವುದೂ ತೀರ್ಮಾನವಾಗದೆ, ಕೊನೆಗೆ ಮೂವರೂ ಸರಿಯಾಗಿ ನೋಡಿರದ 1995ರ 'ಹಿಮಪಾತ' ಹಾಕಿಕೊಂಡು ಎಲ್ಲರೂ ಕೂತು ನೋಡೋಣ ಅಂತ ಆಯಿತು. ಅದರಲ್ಲಿ ಸುಹಾಸಿನಿ, ಜಯಪ್ರದಾ ಇಬ್ಬರೂ ಇದ್ದಾರೆ, ಮಾತಿಗೆ ಬೇಕಾದಷ್ಟು ಸಿಗುತ್ತದೆ.