ಗಾಲ್ಫ್ ಕಲಿಸಿದ ಟೀಚರಿಗೆ ಮೈದಾನದಲ್ಲೇ ಗೌರವ

ಎಲೆನ್ ಗ್ರಿಫಿನ್ ಅಮೆರಿಕದ ಗ್ರೀನ್ಸ್‌ಬರೊ ಮಹಿಳಾ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದರು. 1944ರಲ್ಲಿ ಮಹಿಳಾ ವೃತ್ತಿಪರ ಗಾಲ್ಫ್ ಸಂಘವನ್ನು ಕಟ್ಟಿದ ಮೂವರಲ್ಲಿ ಅವರೂ ಒಬ್ಬರು. ಕಾಲೇಜು ಬಿಟ್ಟ ಮೇಲೂ ‘ದ ಫಾರ್ಮ್’ ಎಂಬ ತಮ್ಮ ಜಾಗದಲ್ಲಿ ಗಾಲ್ಫ್ ಹೇಳಿಕೊಟ್ಟರು. 1989ರಿಂದ ಈಗಿನ ಮಹಿಳಾ ವೃತ್ತಿಪರ ಗಾಲ್ಫ್ ಸಂಸ್ಥೆ ಎಲ್‌ಪಿಜಿಎ ಅವರ ಹೆಸರಿನಲ್ಲಿ ಬೋಧಕರನ್ನು ಗೌರವಿಸುತ್ತಿದೆ. ಗೆದ್ದವರಿಗಲ್ಲ, ಕಲಿಸಿದವರಿಗೆ! ಅದಕ್ಕೇ ಈ ಪ್ರಶಸ್ತಿಯ ಮೇಲೆ ನನಗೆ ಅಷ್ಟು ಅಭಿಮಾನ.

ಊರಿನ ನಿವೃತ್ತ ಟೀಚರಿಗೆ ಗೌರವ ಸಲ್ಲಿಸಲು ಶಾಲು, ಹಾರಕ್ಕಿಂತ ಒಂದು ಸ್ಕ್ರ್ಯಾಂಬಲ್ ಪಂದ್ಯ ಮೇಲು. ನಾಲ್ವರ ತಂಡದಲ್ಲಿ ಎಲ್ಲರೂ ಹೊಡೆಯುತ್ತಾರೆ. ಒಳ್ಳೆಯ ಚೆಂಡು ಬಿದ್ದಲ್ಲಿಂದ ಮತ್ತೆ ನಾಲ್ವರೂ ಆಡುತ್ತಾರೆ. ಹೀಗಾಗಿ ಅವರ ಹೊಸ ಶಿಷ್ಯರೂ ಹಳಬರ ಜೊತೆ ಆಡಬಹುದು. ತಂಡದ ಹ್ಯಾಂಡಿಕ್ಯಾಪ್ (ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ಹೊಡೆತಗಳ ರಿಯಾಯಿತಿ) ಲೆಕ್ಕಕ್ಕೆ ನಾಲ್ವರ ಹ್ಯಾಂಡಿಕ್ಯಾಪ್‌ಗಳಲ್ಲಿ ಕಡಿಮೆಯಿಂದ ಹೆಚ್ಚಿನ ಕ್ರಮದಲ್ಲಿ ಶೇ. 25, 20, 15, 10 ಹಿಡಿದು ಕೂಡಿಸಿ. ಪ್ರತಿಯೊಬ್ಬರ ಕನಿಷ್ಠ ಎರಡು ಟೀ ಹೊಡೆತ (ಹೋಲ್‌ನ ಮೊದಲ ಹೊಡೆತ) ಬಳಸಲೇಬೇಕೆಂಬ ನಿಯಮ ಹಾಕಿ. ಇಲ್ಲದಿದ್ದರೆ ಬಲಶಾಲಿ ಒಬ್ಬನೇ ಆಡಿ ಮುಗಿಸುತ್ತಾನೆ, ಹುಡುಗರು ಸುಮ್ಮನೆ ನಡೆಯುತ್ತಾರೆ.

18 ಹೋಲ್‌ಗಳಿಂದ ಏಕಕಾಲಕ್ಕೆ ಶುರುಮಾಡಿದರೆ 72 ಜನರಿಗೆ ಜಾಗ. ಇನ್ನೂ ತಂಡಗಳಿದ್ದರೆ ಒಂದೇ ಹೋಲ್‌ನ ಎರಡನೆಯ ತಂಡವನ್ನು ಪಾರ್ 5ರಲ್ಲಿ (ಐದು ಹೊಡೆತದ ಉದ್ದ ಹೋಲ್) ನಿಲ್ಲಿಸಿ, ಮೂರು ಹೊಡೆತದ ಪಾರ್ 3ರಲ್ಲಿ ಬೇಡ: ಮುಂದಿನವರು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಬಿಡುವ ತನಕ ಹಿಂದಿನವರು ಹೊಡೆಯುವಂತಿಲ್ಲ, ಸಾಲು ಅಲ್ಲೇ ಕಟ್ಟಿಕೊಳ್ಳುತ್ತದೆ. ಸನ್ಮಾನವನ್ನು ಆಟ ಮುಗಿದ ಮೇಲೆ ಇಟ್ಟುಕೊಳ್ಳಿ. ಒಟ್ಟಿಗೆ ಶುರುಮಾಡಿದ ತಂಡಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಗಿಸುವುದರಿಂದ ಎಲ್ಲರೂ ಒಟ್ಟಿಗೆ ಸಿಗುತ್ತಾರೆ.